ಉದ್ದಮನೆಯ ಪೂರ್ವ ಬಾಗಿಲು: ಮೊಹಾಕ್ ಜನರ ಬದುಕು, ಊಟ ಮತ್ತು ನಡಾವಳಿ

2023ರ ಅಕ್ಟೋಬರ್ 16ರಂದು ಮುಂಬೈಯಲ್ಲಿ ಸೇರಿದ್ದ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಅಧಿವೇಶನವು 2028ರ ಲಾಸ್ ಏಂಜಲೀಸ್ ಕೂಟಕ್ಕೆ ಐದು ಆಟಗಳನ್ನು ಸೇರಿಸಲು ಒಪ್ಪಿಗೆ ಕೊಟ್ಟಿತು. ಶತಮಾನಕ್ಕೂ ಮಿಕ್ಕಿ ಹೊರಗುಳಿದಿದ್ದ ಕ್ರಿಕೆಟ್ ಮರಳಿ ಬಂದ ಸಂಭ್ರಮದಲ್ಲಿ, ಅದೇ ಪಟ್ಟಿಯಲ್ಲಿದ್ದ ಲಕ್ರಾಸ್ ಎಂಬ ಹೆಸರು ನಮ್ಮಲ್ಲಿ ಹೆಚ್ಚಿನವರ ಕಣ್ಣಿಗೆ ಬೀಳಲಿಲ್ಲ. ತುದಿಗೆ ಬಲೆ ಕಟ್ಟಿದ ಕೋಲಿನಲ್ಲಿ ಚೆಂಡನ್ನು ಹಿಡಿದು ಓಡುತ್ತಾ ಎಸೆಯುವ ಈ ಆಟ ಉತ್ತರ ಅಮೆರಿಕದ ಮೂಲನಿವಾಸಿಗಳದು. ಅವರಲ್ಲಿ ಆರು ಜನಾಂಗಗಳ ಒಂದು ಒಕ್ಕೂಟವು ತನ್ನದೇ ಬಾವುಟದಡಿ ಒಲಿಂಪಿಕ್ಸ್‌ನಲ್ಲಿ ಆಡಬೇಕೆಂದು ಕೇಳುತ್ತಿದೆ. 2023ರ ಡಿಸೆಂಬರ್‌ನಲ್ಲಿ ಅಂದಿನ ಅಮೆರಿಕದ ಅಧ್ಯಕ್ಷ ಜೋ ಬೈಡನ್ ಕೂಡ ಈ ಬೇಡಿಕೆಯನ್ನು ಬೆಂಬಲಿಸಿದರು. ಆ ಒಕ್ಕೂಟದ ಪೂರ್ವ ದಿಕ್ಕಿನ ಕಾವಲುಗಾರರೆಂದು ಹೆಸರಾದವರು ಮೊಹಾಕರು.

ಮೊಹಾಕ್ ಎಂದರೆ ನಮ್ಮ ಊರಿನ ಹುಡುಗರಿಗೆ ಕ್ಷೌರದಂಗಡಿಯ ಒಂದು ಕೇಶವಿನ್ಯಾಸ. ಆ ಹೆಸರಿನ ಹಿಂದೆ ಇಂದಿಗೂ ಉಳುವ, ಅಡುಗೆ ಮಾಡುವ, ಸಭೆ ಸೇರುವ ಒಂದು ಜನವಿದೆ. ಈ ಲೇಖನವು ಅವರ ಮನೆ, ಹೊಲ, ಒಲೆ ಮತ್ತು ಸಭೆಯನ್ನು ಒಂದೊಂದಾಗಿ ಪರಿಚಯಿಸುತ್ತದೆ. ಈ ನಾಲ್ಕೂ ಒಂದಕ್ಕೊಂದು ಹೆಣೆದುಕೊಂಡಿರುವುದರಿಂದ ಒಂದನ್ನು ಬಿಟ್ಟು ಇನ್ನೊಂದನ್ನು ಹೇಳುವುದು ಕಷ್ಟ.

ಇವರು ಯಾರು?

ಮೊಹಾಕ್ ಎಂಬುದು ಅವರು ತಮಗೆ ತಾವೇ ಇಟ್ಟುಕೊಂಡ ಹೆಸರಲ್ಲ. ಅವರೊಂದಿಗೆ ಹಗೆತನವಿದ್ದ ನೆರೆಯ ಬುಡಕಟ್ಟಿನವರು ‘ನರಭಕ್ಷಕರು’ ಎಂಬ ಅರ್ಥದಲ್ಲಿ ಬಳಸಿದ ಬೈಗುಳದ ಪದವನ್ನು ಯುರೋಪಿನಿಂದ ಬಂದವರು ಎತ್ತಿಕೊಂಡರು, ಅದೇ ನಕ್ಷೆಗಳಲ್ಲಿ ನಿಂತುಬಿಟ್ಟಿತು. ಅವರು ತಮ್ಮನ್ನು ಕರೆದುಕೊಳ್ಳುವುದು ‘ಗನ್ಯೆಂಗೆಹಾಗ’ ಎಂದು. ಚಕಮಕಿ ಕಲ್ಲಿನ ನಾಡಿನವರು ಎಂದು ಅದರ ಅರ್ಥ. ಇಂದಿನ ನ್ಯೂಯಾರ್ಕ್ ರಾಜ್ಯದಲ್ಲಿ ಹರಿದು ಹಡ್ಸನ್ ನದಿಯನ್ನು ಸೇರುವ ಮೊಹಾಕ್ ನದಿಯ ಕಣಿವೆ ಅವರ ಮೂಲ ನೆಲ.

ಅವರ ಭಾಷೆಯ ಒಂದು ಗುಣ ಕನ್ನಡಿಗರಿಗೆ ಕೂಡಲೇ ತಟ್ಟುವಂಥದ್ದು. ನಮ್ಮ ವರ್ಣಮಾಲೆಯ ಪವರ್ಗ, ಅಂದರೆ ಎರಡೂ ತುಟಿಗಳನ್ನು ಮುಚ್ಚಿ ಹೇಳುವ ಪ, ಬ, ಮ ಧ್ವನಿಗಳು, ಹೊರಗಿನಿಂದ ಬಂದ ಪದಗಳನ್ನು ಬಿಟ್ಟರೆ ಆ ಭಾಷೆಯಲ್ಲಿ ಇಲ್ಲ. ಹೀಗಾಗಿ ‘ಮೊಹಾಕ್’ ಎಂಬ ಹೆಸರಿನ ಮೊದಲ ಅಕ್ಷರವೇ ಅವರ ನುಡಿಗೆ ಹೊರಗಿನದು. ಅಮ್ಮನನ್ನು ಅವರು ‘ಇಸ್ತಾ’ ಎನ್ನುತ್ತಾರೆ. ಆ ಪದದಿಂದಲೇ ಅವರ ಸಮಾಜದ ಒಳಗೆ ಹೋಗುವುದು ಸರಿಯಾದ ದಾರಿ ಎಂದು ನನಗೆ ಅನ್ನಿಸುತ್ತದೆ.

ಒಂದು ಸೂರು, ಹಲವು ಒಲೆ

ಹಿಂದಿನ ಕಾಲದ ಮೊಹಾಕ್ ಹಳ್ಳಿಯಲ್ಲಿ ಒಂದೊಂದು ಸಂಸಾರಕ್ಕೆ ಒಂದೊಂದು ಮನೆ ಇರಲಿಲ್ಲ. ಎಳೆಯ ಮರದ ಗಳುಗಳನ್ನು ನೆಟ್ಟು, ಬಗ್ಗಿಸಿ ಕಮಾನಿನಂತೆ ಕಟ್ಟಿ, ಮೇಲೆ ಎಲ್ಮ್ ಮರದ ತೊಗಟೆಯ ಅಗಲವಾದ ಹಾಳೆಗಳನ್ನು ಹೊದಿಸಿದ ‘ಉದ್ದಮನೆ’ಗಳಲ್ಲಿ ಬಂಧುಬಳಗವೆಲ್ಲ ಒಟ್ಟಿಗೆ ಇರುತ್ತಿತ್ತು. ಸುಮಾರು 6 ಮೀಟರ್ ಅಗಲ, ಹೆಚ್ಚುಕಡಿಮೆ ಅಷ್ಟೇ ಎತ್ತರ. ಉದ್ದ ಮಾತ್ರ 30 ಮೀಟರಿನಿಂದ ಹಿಡಿದು ಕೆಲವೊಮ್ಮೆ 60 ಮೀಟರನ್ನೂ ದಾಟುತ್ತಿತ್ತು.

ಒಳಗೆ ಹೋದರೆ ನಡುವೆ ಓಣಿಯಂತೆ ಉದ್ದಕ್ಕೂ ದಾರಿ, ಆ ದಾರಿಯಲ್ಲಿ ಅಲ್ಲಲ್ಲಿ ಒಲೆ, ಒಲೆಯ ನೇರಕ್ಕೆ ಸೂರಿನಲ್ಲಿ ಹೊಗೆಗಿಂಡಿ. ಒಂದೊಂದು ಒಲೆಯ ಆಚೆ ಈಚೆ ಎದುರುಬದುರಾಗಿ ಎರಡು ಸಂಸಾರಗಳು. ಗೋಡೆಯ ಬದಿಗೆ ಮಲಗಲು ಜಗಲಿಯಂಥ ಅಟ್ಟಣೆ, ಅದರ ಮೇಲೆ ಸಾಮಾನು ಇಡಲು ಇನ್ನೊಂದು. ತಲೆಯ ಮೇಲೆ, ಸೂರಿನ ಗಳುಗಳಿಂದ, ಸಿಪ್ಪೆಯನ್ನೇ ಜಡೆ ಹೆಣೆದು ಕಟ್ಟಿದ ಮುಸುಕಿನ ಜೋಳದ ತೆನೆಗಳು ಸಾಲಾಗಿ ತೂಗುತ್ತಿದ್ದವು. ಒಲೆಯ ಹೊಗೆ ಅವನ್ನು ಹುಳ ಹಿಡಿಯದಂತೆ ಕಾಯುತ್ತಿತ್ತು. ಮನೆಯಲ್ಲಿ ಮದುವೆಯಾಗಿ ಸಂಸಾರ ಹೆಚ್ಚಿದರೆ ಒಂದು ತುದಿಯ ಗೋಡೆ ತೆಗೆದು ಮನೆಯನ್ನು ಉದ್ದ ಮಾಡಬಹುದಿತ್ತು. ಹತ್ತಿಪ್ಪತ್ತು ವರ್ಷಕ್ಕೊಮ್ಮೆ ಹೊಲದ ಸಾರ ಮತ್ತು ಹತ್ತಿರದ ಸೌದೆ ಕಡಿಮೆಯಾದಾಗ ಇಡೀ ಹಳ್ಳಿ ಹೊಸ ಜಾಗಕ್ಕೆ ಹೋಗುತ್ತಿತ್ತು.

ತಾಯಿಯಿಂದ ಬರುವ ಕುಲ

ಆ ಮನೆಯಲ್ಲಿ ಯಾರಿರಬೇಕು ಎಂಬುದನ್ನು ತೀರ್ಮಾನಿಸುತ್ತಿದ್ದುದು ತಾಯಿಯ ಬಳ್ಳಿ. ಮೊಹಾಕರಲ್ಲಿ ಕರಡಿ, ತೋಳ, ಆಮೆ ಎಂಬ ಮೂರು ಕುಲಗಳಿವೆ. ಮಗು ಗಂಡಾಗಲಿ ಹೆಣ್ಣಾಗಲಿ ತಾಯಿಯ ಕುಲಕ್ಕೇ ಸೇರುತ್ತದೆ, ಒಂದೇ ಕುಲದವರು ತಮ್ಮೊಳಗೆ ಮದುವೆಯಾಗುವಂತಿಲ್ಲ. ಮದುವೆಯಾದ ಗಂಡು ಹೆಂಡತಿಯ ತಾಯಿಯ ಉದ್ದಮನೆಗೆ ಬಂದು ಸೇರುತ್ತಿದ್ದ. ತುಳುನಾಡಿನ ಅಳಿಯಸಂತಾನ ಪದ್ಧತಿಯನ್ನು ಬಲ್ಲವರಿಗೆ ತಾಯಿಯ ಬಳ್ಳಿಯಲ್ಲಿ ಕುಲ ಹರಿಯುವುದು ಹೊಸದೆನಿಸದು. ಆದರೆ ಮೊಹಾಕ್ ಹೆಂಗಸರ ಕೈಯಲ್ಲಿದ್ದ ಅಧಿಕಾರ ಕುಲ ಮತ್ತು ಮನೆಯನ್ನು ಮೀರಿ ಸಭೆಯವರೆಗೂ ಚಾಚಿತ್ತು.

ಪ್ರತಿ ಕುಲದಲ್ಲಿ ‘ಕುಲದ ತಾಯಿ’ ಎನಿಸಿಕೊಳ್ಳುವ ಹಿರಿಯಳು ಇರುತ್ತಾಳೆ. ಸಭೆಯಲ್ಲಿ ಕೂರುವ ಮುಖಂಡನನ್ನು ಆರಿಸಿ ಸೂಚಿಸುವವಳು ಅವಳೇ. ಅವನು ದಾರಿ ತಪ್ಪಿದರೆ ಮೂರು ಬಾರಿ ಎಚ್ಚರಿಸಿ, ಆಮೇಲೂ ತಿದ್ದಿಕೊಳ್ಳದಿದ್ದರೆ ಪದವಿಯಿಂದ ಇಳಿಸುವವಳೂ ಅವಳೇ. ಮುಖಂಡನ ಪದವಿಗೆ ಗುರುತಾಗಿ ಅವನ ಶಿರಸ್ತ್ರಾಣದಲ್ಲಿ ಜಿಂಕೆಯ ಕೊಂಬು ಇರುವುದರಿಂದ, ಪದವಿಯಿಂದ ಇಳಿಸುವುದನ್ನು ‘ಕೊಂಬು ತೆಗೆಯುವುದು’ ಎನ್ನುತ್ತಾರೆ.

ಈ ಅಧಿಕಾರದ ಬೇರು ಅನ್ನದಲ್ಲಿತ್ತು. ಹೊಲ, ಕೊಯ್ಲು, ದಾಸ್ತಾನು ಎಲ್ಲವೂ ಹೆಂಗಸರ ವಶದಲ್ಲಿದ್ದವು. ಯುದ್ಧಕ್ಕೆ ಹೊರಟವನಿಗೆ ದಾರಿಯ ಊಟವಾದ ಹುರಿದ ಜೋಳದ ಹಿಟ್ಟು ಬೇಕು, ಕಾಲಿಗೆ ಚರ್ಮದ ಮೆಟ್ಟು ಬೇಕು. ಅವೆರಡನ್ನೂ ಕೊಡುವುದಿಲ್ಲವೆಂದು ಹೆಂಗಸರು ಕೂತರೆ ದಂಡು ಹೊರಡುವುದು ಸುಲಭವಾಗಿರಲಿಲ್ಲ. ಅಮೆರಿಕದ ಬಿಳಿಯ ಹೆಂಗಸರಿಗೆ ಮತದ ಹಕ್ಕು ಬೇಕೆಂದು ಹೋರಾಡಿದ ಮಟಿಲ್ಡಾ ಜಾಸ್ಲಿನ್ ಗೇಜ್ ಈ ವ್ಯವಸ್ಥೆಯನ್ನು ಕಂಡು ಮೆಚ್ಚಿ ಬರೆದರು. 1893ರಲ್ಲಿ ಮೊಹಾಕರ ತೋಳದ ಕುಲ ಅವರನ್ನು ತನ್ನವರನ್ನಾಗಿ ಸ್ವೀಕರಿಸಿತು. ಅವರ ದೇಶದ ಸಂವಿಧಾನ ಹೆಂಗಸರಿಗೆ ಮತದಾನದ ಹಕ್ಕನ್ನು ಕೊಟ್ಟದ್ದು 1920ರಲ್ಲಿ.

ಮೂವರು ಅಕ್ಕತಂಗಿಯರು

ಮೊಹಾಕ್ ಹೊಲದಲ್ಲಿ ಮುಸುಕಿನ ಜೋಳ, ಹುರುಳಿಕಾಯಿ ಜಾತಿಯ ಬೀನ್ಸ್, ಕುಂಬಳ ಜಾತಿಯ ಕಾಯಿ, ಈ ಮೂರೂ ಒಟ್ಟಿಗೆ ಬೆಳೆಯುತ್ತವೆ. ಇವನ್ನು ಮೂವರು ಅಕ್ಕತಂಗಿಯರು ಎಂದು ಕರೆಯುತ್ತಾರೆ. ನೇಗಿಲು ಹೂಡದೆ, ಒಂದೊಂದು ಹೆಜ್ಜೆ ಅಂತರದಲ್ಲಿ ಮಣ್ಣನ್ನು ಗುಡ್ಡೆ ಮಾಡಿ ಮೊದಲು ಜೋಳವನ್ನು ಊರುತ್ತಾರೆ. ಅದು ಗೇಣುದ್ದ ಬಂದ ಮೇಲೆ ಬುಡದಲ್ಲಿ ಬೀನ್ಸ್, ಸುತ್ತ ಕುಂಬಳ.

ಜೋಳದ ದಂಟು ಬೀನ್ಸ್ ಬಳ್ಳಿಗೆ ಆಸರೆಯಾಗುತ್ತದೆ. ಬೀನ್ಸ್ ಗಿಡದ ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದು ನೆಲವನ್ನು ಫಲವತ್ತಾಗಿಡಲು ನೆರವಾಗುತ್ತವೆ. ಕುಂಬಳದ ಅಗಲ ಎಲೆ ನೆಲವನ್ನು ಮುಚ್ಚಿ ತೇವ ಆರದಂತೆ, ಕಳೆ ಏಳದಂತೆ ನೋಡಿಕೊಳ್ಳುತ್ತದೆ, ಅದರ ಒರಟು ಮುಳ್ಳುಗೂದಲು ಪ್ರಾಣಿಗಳನ್ನು ದೂರವಿಡುತ್ತದೆ. ರಾಗಿಯ ನಡುವೆ ಅವರೆ, ತೊಗರಿಯ ಅಕ್ಕಡಿ ಸಾಲು ಹಾಕುವ ನಮ್ಮ ರೈತರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಅಡುಗೆಮನೆಯ ಮುಸುಕಿನ ಜೋಳ, ಬೀನ್ಸ್, ಸಿಹಿಗುಂಬಳ ಈ ಮೂರೂ ಅಮೆರಿಕ ಖಂಡಗಳ ಮೂಲನಿವಾಸಿಗಳು ಪಳಗಿಸಿದ ಬೆಳೆಗಳೇ. ಯುರೋಪಿನ ಹಡಗುಗಳು ಅತ್ತ ಹೋಗಿಬರಲು ಆರಂಭಿಸಿದ ಮೇಲೆ ಅವು ನಮ್ಮ ಕಡೆಗೆ ಬಂದವು.

ಈ ಮೂರು ಬೆಳೆಗಳಿಗೆ ಒಂದು ಹುಟ್ಟಿನ ಕಥೆಯೂ ಇದೆ. ಗರ್ಭಿಣಿಯಾಗಿದ್ದ ಆಕಾಶದ ಹೆಣ್ಣೊಬ್ಬಳು ಮೇಲಿನ ಲೋಕದ ಬಿಲದಿಂದ ಕೆಳಗೆ ಬಿದ್ದಳು. ಕೆಳಗೆ ಎಲ್ಲೆಲ್ಲೂ ನೀರೇ ಇತ್ತು. ಹಕ್ಕಿಗಳು ರೆಕ್ಕೆಗೆ ರೆಕ್ಕೆ ಜೋಡಿಸಿ ಅವಳನ್ನು ಹಿಡಿದು ಆಮೆಯ ಬೆನ್ನಿನ ಮೇಲೆ ಇಳಿಸಿದವು. ನೀರಿಲಿಯೊಂದು ಆಳಕ್ಕೆ ಮುಳುಗಿ ಹಿಡಿಯಷ್ಟು ಮಣ್ಣು ತಂದಿತು. ಆಕೆ ಅದನ್ನು ಆಮೆಯ ಬೆನ್ನಿಗೆ ಹರಡಿ ಸುತ್ತು ಹಾಕಿದಂತೆಲ್ಲ ನೆಲ ಬೆಳೆಯುತ್ತಾ ಹೋಯಿತು. ಮುಂದೆ ಆಕೆಯ ಮಗಳು ಅವಳಿ ಮಕ್ಕಳನ್ನು ಹೆರುವಾಗ ತೀರಿಕೊಂಡಳು, ಅವಳನ್ನು ಹೂತ ಜಾಗದಲ್ಲಿ ಜೋಳ, ಬೀನ್ಸ್, ಕುಂಬಳ ಮೊಳೆತವು. ಹೀಗಾಗಿ ಅವರಿಗೆ ಊಟವೆಂದರೆ ತಾಯಿಯ ಒಡಲಿನಿಂದ ಬಂದ ವಸ್ತು.

ಬೂದಿಯಲ್ಲಿ ಬೇಯುವ ಜೋಳ

ಮೊಹಾಕರ ಬಿಳಿ ಬಣ್ಣದ ಮುಸುಕಿನ ಜೋಳ ಗಟ್ಟಿ. ಒಣಗಿದ ಕಾಳನ್ನು ಹಾಗೆಯೇ ಎಷ್ಟು ಬೇಯಿಸಿದರೂ ಮೇಲಿನ ಹೊಟ್ಟು ಬಿಡುವುದಿಲ್ಲ. ಅದಕ್ಕಾಗಿ ಅವರು ಬಳಸುವುದು ಸೌದೆಯ ಬೂದಿ. ಮೇಪಲ್‌ನಂಥ ಗಟ್ಟಿ ಮರದ ಬೂದಿಯೇ ಆಗಬೇಕು. ಜರಡಿ ಹಿಡಿದ ನುಣ್ಣನೆಯ ಬೂದಿಯನ್ನು ಕುದಿಯುವ ನೀರಿಗೆ ಹಾಕಿ, ಅದರಲ್ಲಿ ಕಾಳನ್ನು ಬಿಟ್ಟು ಕೈಯಾಡಿಸುತ್ತಾರೆ. ಬಿಳಿಯ ಕಾಳು ನೋಡನೋಡುತ್ತ ಹಳದಿಗೆ ತಿರುಗುತ್ತದೆ. ಸ್ವಲ್ಪ ಹೊತ್ತಿನ ಮೇಲೆ ಒಂದು ಕಾಳನ್ನು ಎತ್ತಿ ಬೆರಳುಗಳ ನಡುವೆ ಹೊಸಕಿ ನೋಡುತ್ತಾರೆ. ಹೊಟ್ಟು ಜಾರಿದರೆ ಪಾಕ ಸರಿಯಾಗಿದೆ ಎಂದರ್ಥ. ಆಮೇಲೆ ಮರದ ಸೀಳುಗಳಿಂದ ಹೆಣೆದ ತೊಳೆಯುವ ಬುಟ್ಟಿಗೆ ಸುರಿದು, ನೀರಿನಲ್ಲಿ ಅದ್ದಿ, ಗಲಗಲ ಆಡಿಸಿ, ಉಜ್ಜಿ ತೊಳೆಯುತ್ತಾರೆ. ಬೂದಿಯ ಕಪ್ಪು ನೀರು ಇಳಿದು, ಹೊಟ್ಟು ತೇಲಿ ಹೋಗಿ, ನೀರು ತಿಳಿಯಾಗುವವರೆಗೂ ಈ ಕೆಲಸ ನಡೆಯುತ್ತದೆ.

ಹೊಟ್ಟು ತೆಗೆಯುವುದು ಇದರ ಕಣ್ಣಿಗೆ ಕಾಣುವ ಪ್ರಯೋಜನ. ಕಾಣದ ಪ್ರಯೋಜನ ಇನ್ನೂ ದೊಡ್ಡದು. ಮುಸುಕಿನ ಜೋಳದಲ್ಲಿ ನಯಾಸಿನ್ ಎಂಬ ಬಿ ಗುಂಪಿನ ಜೀವಸತ್ವ ಇದೆ, ಆದರೆ ನಮ್ಮ ದೇಹ ಹೀರಿಕೊಳ್ಳಲಾಗದಂತೆ ಬೇರೆ ಅಂಶಗಳಿಗೆ ಅಂಟಿಕೊಂಡಿದೆ. ಬೂದಿನೀರಿನ ಕ್ಷಾರವು ಆ ಅಂಟನ್ನು ಬಿಡಿಸುತ್ತದೆ. ಜೋಳವನ್ನು ಮಾತ್ರ ಕೊಂಡೊಯ್ದು ಈ ಪಾಕವಿಧಾನವನ್ನು ಕಲಿಯದೆ ಹೋದ ಕಡೆಗಳಲ್ಲಿ, ಬೇರೆ ಊಟಕ್ಕೆ ಗತಿಯಿಲ್ಲದ ಬಡವರಿಗೆ ಪೆಲ್ಲಾಗ್ರ ಎಂಬ ಕಾಯಿಲೆ ಹಿಡಿಯಿತು: ಚರ್ಮ ಬಿರಿಯುವುದು, ಭೇದಿ, ಬುದ್ಧಿಭ್ರಮೆ, ಕೊನೆಗೆ ಸಾವು. ಉತ್ತರ ಇಟಲಿಯಲ್ಲಿ, 20ನೇ ಶತಮಾನದ ಆರಂಭದಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನದ ದಕ್ಷಿಣ ಭಾಗದ ರಾಜ್ಯಗಳಲ್ಲಿ ಇದು ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತು. ಒಲೆಯ ಬೂದಿಯಲ್ಲಿ ಅದಕ್ಕೆ ತಡೆ ಇತ್ತು ಎಂಬುದನ್ನು ನೆನೆದರೆ ಸಂಕಟವಾಗುತ್ತದೆ.

ತೊಳೆದ ಕಾಳಿಗೆ ಎರಡು ದಾರಿ. ಬೀನ್ಸ್ ಮತ್ತು ಮಾಂಸದ ಜೊತೆ ಗಂಟೆಗಟ್ಟಲೆ ಬೇಯಿಸಿದರೆ ಅದು ಜೋಳದ ಸಾರು; ಹಿಂದೆ ಜಿಂಕೆಯ ಮಾಂಸ ಹಾಕುತ್ತಿದ್ದರು, ಈಗ ಹೆಚ್ಚಾಗಿ ಉಪ್ಪು ಹಾಕಿಟ್ಟ ಹಂದಿಮಾಂಸ. ಹಬ್ಬ, ಸಾವು, ಸಭೆ, ಎಲ್ಲಿಗೆ ಹೋದರೂ ದೊಡ್ಡ ಹಂಡೆಯಲ್ಲಿ ಈ ಸಾರು ಇದ್ದೇ ಇರುತ್ತದೆ. ಇನ್ನೊಂದು ದಾರಿಯೆಂದರೆ ಕಾಳನ್ನು ಕುಟ್ಟುವುದು. ಮರದ ದಿಮ್ಮಿಯನ್ನು ತೋಡಿ ಮಾಡಿದ ಒರಳು, ಎರಡೂ ತುದಿ ದಪ್ಪಗಿದ್ದು ಹಿಡಿಯುವ ನಡುಭಾಗ ಸಣ್ಣಗಿರುವ ಒನಕೆ. ಕುಟ್ಟಿ ಜರಡಿ ಹಿಡಿದ ಹಿಟ್ಟಿಗೆ ಬೇಯಿಸಿದ ಕೆಂಪು ಬೀನ್ಸ್ ಸೇರಿಸಿ, ಕುದಿನೀರಿನಲ್ಲಿ ಕಲಸಿ, ಗಾಲಿಯಂತೆ ದುಂಡಗೆ ದಪ್ಪಗೆ ತಟ್ಟಿ, ಕುದಿಯುವ ನೀರಿಗೆ ಜೋಪಾನವಾಗಿ ಇಳಿಬಿಡುತ್ತಾರೆ. ಅದು ಬೆಂದು ಮೇಲೆ ತೇಲಿ ಬಂದಾಗ ಜೋಳದ ರೊಟ್ಟಿ ಸಿದ್ಧ. ರೊಟ್ಟಿ ಎಂಬ ಹೆಸರಿದ್ದರೂ ಇದು ನಮ್ಮ ಕಡುಬಿಗೆ ಹತ್ತಿರದ್ದು. ಇದಕ್ಕೆ ಹುಳಿ ಬರಿಸುವುದೂ ಇಲ್ಲ, ಬೆಂಕಿಯ ಮೇಲೆ ಸುಡುವುದೂ ಇಲ್ಲ.

ಜೋಳದ ಆಚೆಗೂ ಅವರ ಊಟ ಋತುವಿನ ಜೊತೆ ಸಾಗುತ್ತದೆ. ಚಳಿಗಾಲ ಮುಗಿಯುತ್ತಿದ್ದಂತೆ ಮೇಪಲ್ ಮರದ ಕಾಂಡದಿಂದ ರಸ ಇಳಿಸಿ ಬತ್ತಿಸಿ ಪಾಕ ಮಾಡುತ್ತಾರೆ. ಜೂನ್ ಹೊತ್ತಿಗೆ ಕಾಡು ಸ್ಟ್ರಾಬೆರಿ ಹಣ್ಣಾಗುತ್ತದೆ. ವರ್ಷದ ಮೊದಲ ಹಣ್ಣೆಂದು ಅದಕ್ಕೇ ಒಂದು ಹಬ್ಬವಿದ್ದು, ಹಣ್ಣನ್ನು ಕಿವುಚಿ ನೀರು, ಸಿಹಿ ಬೆರೆಸಿದ ಪಾನಕವನ್ನು ಎಲ್ಲರೂ ಹಂಚಿಕೊಂಡು ಕುಡಿಯುತ್ತಾರೆ.

ಎಲ್ಲ ಮಾತಿಗೂ ಮುಂಚಿನ ಮಾತು

ಹಬ್ಬವಿರಲಿ, ಸಭೆಯಿರಲಿ, ಆರಂಭವಾಗುವುದು ‘ಒಹೆಂಟನ್ ಕರಿಹ್ವಾತೆಹ್ಕ್ವೆನ್’ ಎಂಬ ನುಡಿಯಿಂದ. ಉಳಿದ ಎಲ್ಲ ವಿಷಯಕ್ಕಿಂತ ಮೊದಲು ಬರುವ ಮಾತು ಎಂದು ಇದರ ಭಾವ. ಇದರಲ್ಲಿ ಬೇಡಿಕೆ ಇಲ್ಲ, ವರ ಕೇಳುವುದಿಲ್ಲ. ಸೇರಿರುವ ಜನ, ಭೂತಾಯಿ, ನೀರು, ಮೀನು, ಗಿಡಮೂಲಿಕೆ, ಆಹಾರದ ಬೆಳೆಗಳು, ಪ್ರಾಣಿಗಳು, ಮರಗಳು, ಹಕ್ಕಿಗಳು, ನಾಲ್ಕು ದಿಕ್ಕಿನ ಗಾಳಿ, ಮಳೆ ತರುವ ಗುಡುಗಿನ ಅಜ್ಜಂದಿರು, ಅಣ್ಣನಾದ ಸೂರ್ಯ, ಅಜ್ಜಿಯಾದ ಚಂದ್ರ, ನಕ್ಷತ್ರಗಳು, ಕೊನೆಗೆ ಸೃಷ್ಟಿಕರ್ತ: ಹೀಗೆ ನೆಲದಿಂದ ಮೇಲಕ್ಕೆ ಏರುತ್ತಾ ಒಬ್ಬೊಬ್ಬರಿಗೂ ಕೃತಜ್ಞತೆ ಹೇಳುತ್ತಾರೆ. ನೀರಿಗೆ ಇನ್ನೂ ನಮ್ಮ ಬಾಯಾರಿಕೆ ನೀಗಿಸುವ ತನ್ನ ಕೆಲಸವನ್ನು ಬಿಡದೆ ಮಾಡುತ್ತಿರುವುದಕ್ಕೆ, ಮರಕ್ಕೆ ನೆರಳು ಮತ್ತು ಬೆಂಕಿ ಕೊಡುತ್ತಿರುವುದಕ್ಕೆ ವಂದನೆ. ಒಂದೊಂದು ವಂದನೆಯ ಕೊನೆಯಲ್ಲೂ ನಮ್ಮ ಮನಸ್ಸುಗಳು ಒಂದಾಗಲಿ ಎಂಬ ಮಾತು ಬರುತ್ತದೆ, ಸೇರಿದವರು ಹೂಂಗುಟ್ಟುತ್ತಾರೆ. ಹೇಳುವವರ ಮನಸ್ಸಿನಂತೆ ಇದು ಕೆಲವೇ ನಿಮಿಷದಲ್ಲಿ ಮುಗಿಯಬಹುದು, ಬಹಳ ಹೊತ್ತು ನಡೆಯಲೂಬಹುದು.

ಐದು ಜನಾಂಗಗಳ ಒಂದು ಮನೆ

ಯುರೋಪಿಯನ್ನರು ಬರುವ ಮೊದಲೇ ಮೊಹಾಕ್, ಒನೈಡಾ, ಒನೊಂಡಾಗ, ಕಯೂಗ, ಸೆನೆಕಾ ಎಂಬ ಐದು ಜನಾಂಗಗಳು ತಮ್ಮೊಳಗಿನ ಸೇಡಿನ ಕಾಳಗಗಳನ್ನು ನಿಲ್ಲಿಸಿ ಒಂದಾದವು. ಶಾಂತಿದೂತನೆಂದು ಕರೆಯುವ ಮಹಾಪುರುಷ ಮತ್ತು ಅವನ ಜೊತೆಗಾರ ಹಯವಾಥ ಸೇರಿ ಸಾರಿದ ‘ಶಾಂತಿಯ ಮಹಾಧರ್ಮ’ವೇ ಅವರ ಸಂವಿಧಾನ. 1722ರ ಸುಮಾರಿಗೆ ಟಸ್ಕರೋರರು ಸೇರಿ ಆರಾದರು. ಒಕ್ಕೂಟದ ಹೆಸರು ‘ಹೋಡೆನೊಶೋನಿ’, ಉದ್ದಮನೆಯವರು. ನೂರಾರು ಕಿಲೋಮೀಟರ್ ಹರಡಿದ್ದ ಇಡೀ ನಾಡನ್ನೇ ಅವರು ಒಂದು ಉದ್ದಮನೆಯೆಂದು ಭಾವಿಸಿದರು: ಪಶ್ಚಿಮದ ಬಾಗಿಲಿಗೆ ಸೆನೆಕಾ ಕಾವಲು, ನಡುವಿನ ಒಲೆಗೆ ಒನೊಂಡಾಗ, ಪೂರ್ವದ ಬಾಗಿಲಿಗೆ ಮೊಹಾಕ್. ಒಕ್ಕೂಟದ ಸಭೆಯಲ್ಲಿರುವ 50 ಮುಖಂಡ ಪದವಿಗಳಲ್ಲಿ 9 ಮೊಹಾಕರದು, ಕುಲಕ್ಕೆ ಮೂರರಂತೆ. ಅಲ್ಲಿ ಕೈಯೆತ್ತಿಸಿ ಎಣಿಸುವ ಪದ್ಧತಿಯಿಲ್ಲ, ಎಲ್ಲರೂ ಒಪ್ಪುವವರೆಗೂ ಮಾತು ನಡೆಯುತ್ತದೆ.

ಇಂಥ ಒಪ್ಪಂದಗಳನ್ನು ನೆನಪಿನಲ್ಲಿಡಲು ಅವರು ಬಳಸಿದ್ದು ವಾಂಪಮ್, ಅಂದರೆ ಕಡಲ ಚಿಪ್ಪಿನಿಂದ ಕೊರೆದ ಬಿಳಿ ಮತ್ತು ನೇರಳೆ ಮಣಿಗಳ ಪಟ್ಟಿ. ಅದು ಹಣವೆಂಬ ತಿಳಿವಳಿಕೆ ಹೊರಗಿನವರ ವ್ಯಾಪಾರದಿಂದ ಹುಟ್ಟಿದ್ದು. ಅವರಿಗೆ ಅದು ದಾಖಲೆ. ಡಚ್ಚರ ಜೊತೆ ಮಾಡಿಕೊಂಡ ಒಪ್ಪಂದದ ಗುರುತೆಂದು ಅವರು ಹೇಳುವ ಪಟ್ಟಿಯಲ್ಲಿ ಬಿಳಿಯ ನಡುವೆ ಎರಡು ನೇರಳೆ ಗೆರೆಗಳು ಸಮಾನಾಂತರವಾಗಿ ಸಾಗುತ್ತವೆ. ಒಂದು ನಿಮ್ಮ ಹಡಗು, ಒಂದು ನಮ್ಮ ದೋಣಿ. ಒಂದೇ ನದಿಯಲ್ಲಿ ಜೊತೆಯಾಗಿ ಸಾಗೋಣ, ಒಬ್ಬರ ಚುಕ್ಕಾಣಿಗೆ ಇನ್ನೊಬ್ಬರು ಕೈಹಾಕುವುದು ಬೇಡ. ಸ್ವಂತ ಬಾವುಟದ ಬೇಡಿಕೆ ಈ ಎರಡು ಗೆರೆಗಳಿಂದಲೇ ಬರುತ್ತದೆ. 2010ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ ನಡೆದ ವಿಶ್ವ ಲಕ್ರಾಸ್ ಕೂಟಕ್ಕೆ ಒಕ್ಕೂಟದ ತಂಡ ತನ್ನದೇ ಪಾಸ್‌ಪೋರ್ಟ್ ಹಿಡಿದು ಹೊರಟಾಗ ಬ್ರಿಟನ್ ಒಳಗೆ ಬಿಡಲಿಲ್ಲ. ಬೇರೆ ದೇಶದ ಪಾಸ್‌ಪೋರ್ಟ್ ಹಿಡಿದು ಹೋಗಲು ಒಪ್ಪದೆ ತಂಡ ಕೂಟವನ್ನೇ ಬಿಟ್ಟಿತು.

ಲಕ್ರಾಸ್ ಎಂಬುದು ಫ್ರೆಂಚರು ಇಟ್ಟ ಹೆಸರು. ಮೊಹಾಕರಿಗೆ ಅದು ಸೃಷ್ಟಿಕರ್ತನಿಗೆ ಪ್ರಿಯವಾದ ಆಟ, ಜೊತೆಗೆ ಔಷಧ. ಊರಲ್ಲಿ ಯಾರಾದರೂ ಕಾಯಿಲೆ ಬಿದ್ದರೆ ಅವರ ಹೆಸರಿನಲ್ಲಿ ಆಡಿಸುವುದುಂಟು.

ಕಣಿವೆ ಬಿಟ್ಟ ಮೇಲೆ

ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಹೆಚ್ಚಿನ ಮೊಹಾಕರು ಬ್ರಿಟಿಷರ ಕಡೆ ನಿಂತು ತಮ್ಮ ಕಣಿವೆಯನ್ನು ಕಳೆದುಕೊಂಡರು. 1784ರಲ್ಲಿ ಮೊಹಾಕ್ ನಾಯಕ ಜೋಸೆಫ್ ಬ್ರ್ಯಾಂಟ್ ಅವರ ಹಿಂದೆ ಅನೇಕರು ಕೆನಡಾದ ಗ್ರ್ಯಾಂಡ್ ನದಿಯ ದಡಕ್ಕೆ ಹೋದರು. ಅದಕ್ಕೂ ನೂರು ವರ್ಷ ಮೊದಲೇ ಕ್ಯಾಥೊಲಿಕ್ ಮತಕ್ಕೆ ಸೇರಿದ ಕೆಲವರು ಮಾಂಟ್ರಿಯಲ್ ಬಳಿ ನೆಲೆಸಿದ್ದರು. 1656ರಲ್ಲಿ ಹುಟ್ಟಿ, 2012ರಲ್ಲಿ ಸಂತಪದವಿ ಪಡೆದ ಕಟೇರಿ ಟೆಕಕ್ವಿತಾ ಅವರಲ್ಲೊಬ್ಬರು. ಆ ನೆಲೆಯೇ ಇಂದಿನ ಕಾನವಾಗೆ. ಇನ್ನೊಂದು ದೊಡ್ಡ ನೆಲೆಯಾದ ಅಕ್ವೆಸಾಸ್ನೆಯ ನಡುವೆಯೇ ಅಮೆರಿಕ ಮತ್ತು ಕೆನಡಾದ ಗಡಿರೇಖೆ ಹಾದುಹೋಗುತ್ತದೆ.

ಕಾನವಾಗೆಯ ಗಂಡಸರು 1886ರಲ್ಲಿ ತಮ್ಮೂರಿನ ಬಳಿಯ ರೈಲು ಸೇತುವೆಯ ಕೆಲಸಕ್ಕೆ ಸೇರಿ ಉಕ್ಕಿನ ತೊಲೆ ಜೋಡಿಸುವ ಕಸುಬು ಕಲಿತರು. 1907ರ ಆಗಸ್ಟ್ 29ರಂದು ಕ್ವಿಬೆಕ್ ಸೇತುವೆ ಕಟ್ಟುವಾಗಲೇ ಕುಸಿದು 75 ಜನ ಸತ್ತರು, ಅವರಲ್ಲಿ 33 ಮಂದಿ ಆ ಒಂದೇ ಊರಿನವರು. ಇನ್ನು ಮುಂದೆ ಎಲ್ಲರೂ ಒಂದೇ ಕೆಲಸದ ಜಾಗಕ್ಕೆ ಹೋಗಕೂಡದೆಂದು ಊರಿನ ಹೆಂಗಸರು ಪಟ್ಟು ಹಿಡಿದರು ಎಂಬುದು ಅಲ್ಲಿ ಇಂದಿಗೂ ಹೇಳುವ ಮಾತು. ಗಂಡಸರು ಬೇರೆಬೇರೆ ಕಡೆ ಚದುರಿ, ನ್ಯೂಯಾರ್ಕಿನ ಗಗನಚುಂಬಿಗಳಲ್ಲಿ ದುಡಿದರು. ಅವರ ಸಂಸಾರಗಳು ಬ್ರೂಕ್ಲಿನ್‌ನಲ್ಲಿ ನೆಲೆಸಿದ್ದ ಕಾಲದಲ್ಲಿ ಅಲ್ಲಿನ ದಿನಸಿ ಅಂಗಡಿಗಳು ರೊಟ್ಟಿಗೆ ಬೇಕಾದ ಜೋಳದ ಹಿಟ್ಟನ್ನು ತರಿಸಿಡುತ್ತಿದ್ದವು. ಮೊಹಾಕರಿಗೆ ಎತ್ತರದ ಭಯ ಹುಟ್ಟಿನಿಂದಲೇ ಇಲ್ಲ ಎಂಬ ಮಾತು ಸುಳ್ಳು. ತಂದೆಯಿಂದ ಮಗನಿಗೆ ಬಂದ ಕಸುಬು ಅದು.

ಇದಕ್ಕಿಂತ ಆಳದ ಪೆಟ್ಟು ಮಕ್ಕಳ ಮೇಲೆ ಬಿತ್ತು. ಒಂಟಾರಿಯೊದ ಬ್ರಾಂಟ್‌ಫರ್ಡ್‌ನಲ್ಲಿದ್ದ ಮೊಹಾಕ್ ಇನ್‌ಸ್ಟಿಟ್ಯೂಟ್ ಎಂಬ ವಸತಿ ಶಾಲೆ ಮಕ್ಕಳನ್ನು ಮನೆಯಿಂದ ದೂರವಿಟ್ಟು, ಅವರ ಭಾಷೆಯನ್ನು ಆಡಗೊಡದೆ, 1970ರವರೆಗೂ ನಡೆಯಿತು. ಅಲ್ಲಿ ಬಡಿಸುತ್ತಿದ್ದ ಗಂಜಿಯಿಂದಾಗಿ ಮಕ್ಕಳು ಅದನ್ನು ‘ಗಂಜಿಗುಂಡಿ’ ಎಂಬರ್ಥದ ಹೆಸರಿನಿಂದ ಕರೆದರು. 1990ರಲ್ಲಿ ಮಾಂಟ್ರಿಯಲ್ ಬಳಿಯ ಮತ್ತೊಂದು ಮೊಹಾಕ್ ನೆಲೆಯಾದ ಕಾನೆಸತಾಕೆಯ ಪೈನ್ ತೋಪು ಮತ್ತು ಸ್ಮಶಾನದ ಬದಿಗೆ ಗಾಲ್ಫ್ ಮೈದಾನ ವಿಸ್ತರಿಸಲು ಪಕ್ಕದ ಓಕಾ ಪಟ್ಟಣ ಹೊರಟಾಗ ಮೊಹಾಕರು ದಾರಿ ಕಟ್ಟಿದರು. 78 ದಿನ ನಡೆದ ಆ ಬಿಕ್ಕಟ್ಟಿಗೆ ಸೇನೆಯೂ ಬಂತು. ಮೈದಾನದ ವಿಸ್ತರಣೆ ನಿಂತಿತು. ಅಕ್ವೆಸಾಸ್ನೆಯಲ್ಲಿ ಕಾರ್ಖಾನೆಗಳ ವಿಷ ಸೇಂಟ್ ಲಾರೆನ್ಸ್ ನದಿಗೆ ಸೇರಿ, ಮೀನು ತಿನ್ನಬೇಡಿ ಎಂದು ಗರ್ಭಿಣಿಯರಿಗೆ, ಹಾಲೂಡುವ ತಾಯಂದಿರಿಗೆ ಹೇಳಬೇಕಾಯಿತು.

ಅದೇ ಅಕ್ವೆಸಾಸ್ನೆಯಲ್ಲಿ 1979ರಲ್ಲಿ ತಂದೆತಾಯಂದಿರೇ ಸೇರಿ ಒಂದು ಶಾಲೆ ತೆರೆದರು. ಅಲ್ಲಿ ಪಾಠ ನಡೆಯುವುದು ಮೊಹಾಕ್ ಭಾಷೆಯಲ್ಲಿ. ಬೆಳಿಗ್ಗೆ ಪುಸ್ತಕ ತೆರೆಯುವ ಮೊದಲು ಮಕ್ಕಳು ಎದ್ದು ನಿಂತು ಎಲ್ಲ ಮಾತಿಗೂ ಮುಂಚಿನ ಆ ಮಾತನ್ನು ಹೇಳುತ್ತಾರೆ. ವಂದನೆಯ ಸಾಲಿನಲ್ಲಿ ನೀರು ಬರುತ್ತದೆ, ಮೀನು ಬರುತ್ತದೆ, ಜೋಳ, ಬೀನ್ಸ್, ಕುಂಬಳ ಬರುತ್ತವೆ.